2147483647: ಪದೇ ಪದೇ ಕೇಳುವ ಪ್ರಶ್ನೆಗಳು

ಹತ್ತಂಕಿಯ ಈ ಸಂಖ್ಯೆಯನ್ನು ಗಣಿತ ಓದಿದವರು ಒಂದು ಕಾರಣಕ್ಕೆ ಬಲ್ಲರು, ಪ್ರೋಗ್ರಾಮ್ ಬರೆಯುವವರು ಇನ್ನೊಂದು ಕಾರಣಕ್ಕೆ. ಎರಡೂ ಕಡೆಯವರು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಇಟ್ಟಿದ್ದೇನೆ. ಘಾತ, ಶೇಷ, ಅವಿಭಾಜ್ಯ ಸಂಖ್ಯೆ ಎಂಬ ಮಾತುಗಳು ಪ್ರೌಢಶಾಲೆಯ ಮಟ್ಟಿಗೆ ಗೊತ್ತಿದ್ದರೆ ಸಾಕು. 18ನೆಯ ಶತಮಾನದ ಗಣಿತಜ್ಞ ಆಯ್ಲರ್ ಕುರಿತ ಉತ್ತರಗಳನ್ನು ಓದುವಾಗ ಮಾತ್ರ ಒಂದು ಹಾಳೆ, ಒಂದು ಪೆನ್ಸಿಲ್ ಪಕ್ಕದಲ್ಲಿರಲಿ.

ಇದನ್ನು ಓದುವುದು ಹೇಗೆ?

ಇನ್ನೂರ ಹದಿನಾಲ್ಕು ಕೋಟಿ ಎಪ್ಪತ್ತನಾಲ್ಕು ಲಕ್ಷದ ಎಂಬತ್ತಮೂರು ಸಾವಿರದ ಆರುನೂರ ನಲವತ್ತೇಳು. ಅಲ್ಪವಿರಾಮ ಹಾಕಿ ಬರೆದರೆ 2,14,74,83,647.

ನೋಡಲು ಯಾವ ವಿಶೇಷವೂ ಕಾಣುವುದಿಲ್ಲವಲ್ಲ?

ದಶಮಾನ ಪದ್ಧತಿಯಲ್ಲಿ ಕಾಣುವುದಿಲ್ಲ, ನಿಜ. ಅಂಕಿಗಳು ಯಾರೋ ಮನಸ್ಸಿಗೆ ಬಂದಂತೆ ಬರೆದ ಹಾಗಿವೆ. ದ್ವಿಮಾನ ಪದ್ಧತಿಯಲ್ಲಿ ಬರೆದ ಕೂಡಲೇ ಗುಟ್ಟು ಬಯಲಾಗುತ್ತದೆ:

1111111111111111111111111111111

ಮೂವತ್ತೊಂದು ಒಂದುಗಳು, ನಡುವೆ ಒಂದೂ ಸೊನ್ನೆ ಇಲ್ಲ. ಇದಕ್ಕೆ 1 ಕೂಡಿಸಿದರೆ ಎಲ್ಲವೂ ಸೊನ್ನೆಯಾಗಿ ಎಡತುದಿಯಲ್ಲಿ ಒಂದೇ ಒಂದು 1 ಉಳಿಯುತ್ತದೆ, ಅದೇ 2³¹. ಹಾಗಾಗಿ ನಮ್ಮ ಸಂಖ್ಯೆ 2³¹ − 1. ಹದಿನಾರರ ಆಧಾರದಲ್ಲಿ (ಅಲ್ಲಿ ಎಫ್ ಎಂದರೆ 15) ಬರೆದರೆ ಮೊದಲು 7, ಅದರ ಹಿಂದೆ ಏಳು ಎಫ್‌ಗಳು. ಎಂಟರ ಆಧಾರದಲ್ಲಿ ಮೊದಲು 1, ಅದರ ಹಿಂದೆ ಹತ್ತು ಏಳುಗಳು.

ಮುಂದೆ ಹೇಳುವ ಬಹುತೇಕ ಎಲ್ಲ ಗುಣಗಳೂ ಈ ಒಂದೇ ಸಂಗತಿಯಿಂದ ಹುಟ್ಟುತ್ತವೆ: ಎರಡರ ಘಾತಕ್ಕೆ ಒಂದು ಕಡಿಮೆ. ದಶಮಾನ ಅಂಕಿಗಳನ್ನು ಕೂಡಿ, ಕಳೆದು ರಹಸ್ಯ ಹುಡುಕುವವರೂ ಇದ್ದಾರೆ. ಅಂಕಿಗಳ ಮೊತ್ತ 46. ಅದರಿಂದ ತಿಳಿಯುವುದು ಸಂಖ್ಯೆಯನ್ನು 9ರಿಂದ ಭಾಗಿಸಿದಾಗ ಶೇಷ 1 ಎಂಬುದಷ್ಟೇ. ಅದಕ್ಕಿಂತ ಹೆಚ್ಚಿನದನ್ನು ಅದರಲ್ಲಿ ಓದುವುದು ಗಣಿತವಲ್ಲ.

ಇದು ಅವಿಭಾಜ್ಯ ಸಂಖ್ಯೆಯೇ?

ಹೌದು. 1 ಮತ್ತು ತನ್ನನ್ನು ಬಿಟ್ಟು ಬೇರೆ ಯಾವ ಪೂರ್ಣ ಸಂಖ್ಯೆಯೂ ಇದನ್ನು ನಿಶ್ಶೇಷವಾಗಿ ಭಾಗಿಸುವುದಿಲ್ಲ. 2ರಿಂದ ಆರಂಭಿಸಿ ಅವಿಭಾಜ್ಯ ಸಂಖ್ಯೆಗಳನ್ನು ಎಣಿಸುತ್ತ ಹೋದರೆ ಇದು 10,50,97,565ನೆಯದು.

ಮರ್ಸೆನ್ ಅವಿಭಾಜ್ಯ ಸಂಖ್ಯೆ ಎಂದರೆ ಏನು?

2ರ ಯಾವುದಾದರೂ ಘಾತದಿಂದ 1 ಕಳೆದಾಗ ಅವಿಭಾಜ್ಯ ಸಂಖ್ಯೆ ಸಿಕ್ಕರೆ ಅದು ಮರ್ಸೆನ್ ಅವಿಭಾಜ್ಯ. 3, 7, 31, 127 ಈ ಸಾಲಿನ ಮೊದಲ ನಾಲ್ಕು. 2147483647 ಎಂಟನೆಯದು.

ಘಾತಾಂಕವೇ ಅವಿಭಾಜ್ಯವಾಗಿರದಿದ್ದರೆ ಫಲವೂ ಅವಿಭಾಜ್ಯವಾಗುವುದಿಲ್ಲ. 2⁶ − 1 = 63 ನೋಡಿ: 6ನ್ನು 2 ಮತ್ತು 3 ಭಾಗಿಸುವುದರಿಂದ 63ನ್ನು 2² − 1 ಮತ್ತು 2³ − 1, ಅಂದರೆ 3 ಮತ್ತು 7 ಭಾಗಿಸಿಯೇ ತೀರುತ್ತವೆ. ಹಾಗೆಂದು ಘಾತಾಂಕ ಅವಿಭಾಜ್ಯವಾದರೆ ಸಾಕು ಎಂದು ತಿಳಿಯಬಾರದು. 11 ಅವಿಭಾಜ್ಯ; ಆದರೆ 2¹¹ − 1 = 2047 = 23 × 89. ಹಳೆಯ ಕಾಲದ ಹಲವರು ಎಡವಿದ್ದು ಇಲ್ಲಿಯೇ.

ಇದು ಅವಿಭಾಜ್ಯ ಎಂದು ಮೊದಲು ಹೇಳಿದವರು ಯಾರು?

ಹೇಳಿದವರು ಬೇರೆ, ಸಾಧಿಸಿ ತೋರಿಸಿದವರು ಬೇರೆ. ಇಟಲಿಯ ಪಿಯೆತ್ರೊ ಕತಾಲ್ದಿ 1588ರಲ್ಲಿ 2¹⁷ − 1 ಮತ್ತು 2¹⁹ − 1 ಅವಿಭಾಜ್ಯವೆಂದು ಭಾಗಾಕಾರ ಮಾಡಿಯೇ ಕಂಡುಕೊಂಡ. ಅಷ್ಟಕ್ಕೆ ನಿಲ್ಲದೆ 23, 29, 31, 37 ಎಂಬ ಘಾತಾಂಕಗಳಿಗೂ ಅದೇ ಮಾತನ್ನು ಅನ್ವಯಿಸಿಬಿಟ್ಟ. ಮೂರು ತಪ್ಪಿದವು, ಒಂದು ಉಳಿಯಿತು. 2²³ − 1ನ್ನು 47 ಭಾಗಿಸುತ್ತದೆ, 2³⁷ − 1ನ್ನು 223 ಭಾಗಿಸುತ್ತದೆ. ಇವೆರಡನ್ನೂ ಫ್ರಾನ್ಸಿನ ಗಣಿತಜ್ಞ ಫರ್ಮಾ 1640ರಲ್ಲಿ ತೋರಿಸಿದ. 2²⁹ − 1 ಎಂಬುದು 233 × 1103 × 2089. ಇದರ ಹುಳುಕು ಹೊರಬಿದ್ದದ್ದು ಆಯ್ಲರ್ ಕೈಯಲ್ಲಿ.

ಉಳಿದದ್ದು 31. ಫ್ರಾನ್ಸಿನ ಪಾದ್ರಿ ಮಾರೆನ್ ಮರ್ಸೆನ್ 1644ರಲ್ಲಿ ಪ್ರಕಟಿಸಿದ ಪಟ್ಟಿಯಲ್ಲಿ 2, 3, 5, 7, 13, 17, 19, 31, 67, 127, 257 ಎಂಬ ಘಾತಾಂಕಗಳಿದ್ದವು. ಅದರಲ್ಲಿ 67 ಮತ್ತು 257 ತಪ್ಪು; 61, 89, 107 ಬಿಟ್ಟುಹೋಗಿವೆ. ಅರ್ಧಂಬರ್ಧ ಸರಿಯಿದ್ದ ಪಟ್ಟಿಯೊಂದು ಕರ್ತೃವಿನ ಹೆಸರನ್ನು ಗಣಿತದಲ್ಲಿ ಶಾಶ್ವತಗೊಳಿಸಿತು ಎಂದರೆ ಕತಾಲ್ದಿಗೆ ಸ್ವಲ್ಪ ಅನ್ಯಾಯವಾಯಿತೆಂದೇ ನನ್ನ ಅನಿಸಿಕೆ.

ಆಯ್ಲರ್ ಇದನ್ನು ಕಂಪ್ಯೂಟರ್ ಇಲ್ಲದೆ ಸಾಧಿಸಿದ್ದು ಹೇಗೆ?

1772ರಲ್ಲಿ, ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿದ್ದ ಲಿಯೊನಾರ್ಡ್ ಆಯ್ಲರ್ ಬರ್ನೂಲಿ ಮನೆತನದ ಗಣಿತಜ್ಞನೊಬ್ಬನಿಗೆ ಬರೆದ ಪತ್ರದಲ್ಲಿ ಈ ಫಲಿತಾಂಶವನ್ನು ತಿಳಿಸಿದ. ಆ ಹೊತ್ತಿಗೆ ಅವನ ದೃಷ್ಟಿ ಹೆಚ್ಚುಕಡಿಮೆ ಪೂರ್ತಿ ಹೋಗಿತ್ತು.

ಮೊಂಡು ದಾರಿ ಎಲ್ಲರಿಗೂ ಗೊತ್ತಿರುವುದೇ: ವರ್ಗಮೂಲದವರೆಗಿನ ಎಲ್ಲ ಅವಿಭಾಜ್ಯ ಸಂಖ್ಯೆಗಳಿಂದ ಭಾಗಿಸಿ ನೋಡುವುದು. 2147483647ರ ವರ್ಗಮೂಲ 46,340ಕ್ಕಿಂತ ತುಸು ಹೆಚ್ಚು. ಅಲ್ಲಿಯವರೆಗೆ ಸುಮಾರು 4,800 ಅವಿಭಾಜ್ಯ ಸಂಖ್ಯೆಗಳಿವೆ. ಹತ್ತಂಕಿಯ ಸಂಖ್ಯೆಯನ್ನು 4,800 ಸಲ ಭಾಗಿಸುವುದು ಅಸಾಧ್ಯವಲ್ಲ, ಆದರೆ ಯಾರಿಗೂ ಬೇಡವಾದ ಕೆಲಸ. ಆಯ್ಲರ್ ಮಾಡಿದ್ದು ಇಷ್ಟು: ಭಾಗಿಸುವ ಮೊದಲೇ ಯಾವ ಭಾಜಕಗಳು ಸಾಧ್ಯವೇ ಇಲ್ಲ ಎಂದು ತರ್ಕದಿಂದ ತೆಗೆದುಹಾಕಿದ.

ಕ ಎಂಬ ಅವಿಭಾಜ್ಯ ಸಂಖ್ಯೆಯೊಂದು 2³¹ − 1ನ್ನು ನಿಶ್ಶೇಷವಾಗಿ ಭಾಗಿಸುತ್ತದೆ ಎಂದುಕೊಳ್ಳಿ. ಆಗ 2³¹ನ್ನು ಕದಿಂದ ಭಾಗಿಸಿದರೆ ಶೇಷ 1. ಇತ್ತ ಫರ್ಮಾನ ಕಿರುಪ್ರಮೇಯದ ಪ್ರಕಾರ 2ರ (ಕ − 1)ನೆಯ ಘಾತವನ್ನು ಕದಿಂದ ಭಾಗಿಸಿದರೂ ಶೇಷ 1. ಹೀಗೆ ಶೇಷ 1 ಕೊಡುವ ಘಾತಾಂಕಗಳಲ್ಲಿ ಅತ್ಯಂತ ಚಿಕ್ಕದು ಉಳಿದ ಅಂಥ ಎಲ್ಲ ಘಾತಾಂಕಗಳನ್ನೂ ಭಾಗಿಸುತ್ತದೆ. ಅಂದರೆ ಅದು 31ನ್ನೂ ಭಾಗಿಸಬೇಕು, ಕ − 1ನ್ನೂ ಭಾಗಿಸಬೇಕು. 31 ಅವಿಭಾಜ್ಯವಾದ್ದರಿಂದ ಆ ಚಿಕ್ಕ ಘಾತಾಂಕ 1 ಇಲ್ಲವೇ 31. ಅದು 1 ಆಗಲಾರದು, ಏಕೆಂದರೆ 2ನ್ನು ಯಾವ ಅವಿಭಾಜ್ಯದಿಂದ ಭಾಗಿಸಿದರೂ ಶೇಷ 1 ಬರುವುದಿಲ್ಲ. ಹಾಗಾದರೆ ಅದು 31. ಕ − 1ನ್ನು 31 ಭಾಗಿಸುತ್ತದೆ. ಕ ಬೆಸ ಸಂಖ್ಯೆ, ಆದ್ದರಿಂದ ಕ − 1 ಸಮ. ಎರಡನ್ನೂ ಸೇರಿಸಿದರೆ ಕ − 1 ಎಂಬುದು 62ರ ಅಪವರ್ತ್ಯ.

ಇದು ಮೊದಲ ಜರಡಿ. ಎರಡನೆಯದು ಇನ್ನೂ ಚುರುಕು. 2³¹ರ ಶೇಷ 1 ಆದರೆ 2³²ರ ಶೇಷ 2. ಆದರೆ 2³² ಎಂಬುದು 2¹⁶ರ ವರ್ಗ. ಅಂದರೆ ಒಂದು ವರ್ಗಸಂಖ್ಯೆಯನ್ನು ಕದಿಂದ ಭಾಗಿಸಿದಾಗ 2 ಶೇಷವಾಗಿ ಬಂದಿದೆ. ಹಾಗೆ ಆಗುವುದು ಕವನ್ನು 8ರಿಂದ ಭಾಗಿಸಿದಾಗ 1 ಅಥವಾ 7 ಉಳಿದರೆ ಮಾತ್ರ.

ಎರಡು ಜರಡಿಗಳನ್ನೂ ದಾಟಿ ಬರುವ ಸಂಖ್ಯೆಗಳನ್ನು 248ರಿಂದ ಭಾಗಿಸಿದರೆ ಶೇಷ 1 ಅಥವಾ 63 ಇರಲೇಬೇಕು. 46,340ರವರೆಗೆ ಮೊದಲ ಬಗೆಯವು 186, ಎರಡನೆಯ ಬಗೆಯವು 187. ಅವುಗಳಲ್ಲಿ 63 ಎಂಬುದು ಕಣ್ಣಿಗೆ ಕಾಣುವಂತೆಯೇ 3ರಿಂದ ಭಾಗವಾಗುತ್ತದೆ. ಉಳಿದದ್ದು 372. ಅವುಗಳಲ್ಲೂ ಹೆಚ್ಚಿನವು ಅವಿಭಾಜ್ಯವಲ್ಲ, ಅವನ್ನೂ ಕೈಬಿಡಬಹುದು. ಕೊನೆಗೆ ನಿಜವಾಗಿ ಭಾಗಿಸಿ ನೋಡಬೇಕಾದ ಅವಿಭಾಜ್ಯಗಳು ನೂರನ್ನೂ ಮುಟ್ಟುವುದಿಲ್ಲ. 4,800 ಇದ್ದದ್ದು ಕೆಲವು ದಿನಗಳ ಕೆಲಸಕ್ಕೆ ಇಳಿಯಿತು.

ಅಂಥ ಒಂದು ಭಾಗಾಕಾರವನ್ನು ಮಾಡಿ ತೋರಿಸಬಹುದೇ?

ಜರಡಿ ದಾಟಿದ ಮೊದಲ ಅವಿಭಾಜ್ಯ 311 (248 + 63). ಹತ್ತಂಕಿಯ ಉದ್ದ ಭಾಗಾಕಾರವನ್ನು ಮಾಡುವ ಅಗತ್ಯವೂ ಇಲ್ಲ; ಘಾತಗಳ ಶೇಷಗಳನ್ನು ಮಾತ್ರ ಹಿಡಿದು ನಡೆದರೆ ಸಾಕು.

2⁸ = 256. ಇದು 311ಕ್ಕೆ 55 ಕಡಿಮೆ, ಆದ್ದರಿಂದ −55 ಎಂದು ಬರೆದುಕೊಳ್ಳೋಣ. ವರ್ಗ ಮಾಡಿದರೆ 2¹⁶ರ ಜಾಗದಲ್ಲಿ 3025. ಅದರಿಂದ 311ರ ಹತ್ತು ಪಟ್ಟು, ಅಂದರೆ 3110 ಕಳೆದರೆ −85. ಈಗ 2¹⁶ × 2⁸ = 2²⁴; ಅದರ ಜಾಗದಲ್ಲಿ (−85) × (−55) = 4675. 311ರ ಹದಿನೈದು ಪಟ್ಟು 4665, ಉಳಿದದ್ದು 10. ಇನ್ನು 2⁷ = 128ರಿಂದ ಗುಣಿಸಿದರೆ 2³¹ ತಲುಪುತ್ತೇವೆ: 1280ರಿಂದ 1244 ಕಳೆದರೆ 36. ಒಂದು ಕಳೆಯಿರಿ, 35. ಶೇಷ ಸೊನ್ನೆಯಲ್ಲ, ಆದ್ದರಿಂದ 311 ಭಾಜಕವಲ್ಲ.

ಮುಂದಿನವು 1303, 1489. ಹೀಗೆಯೇ ಮುಂದುವರಿಸಿದರೆ ಎಲ್ಲಿಯೂ ಸೊನ್ನೆ ಬರುವುದಿಲ್ಲ.

ಈಗಲೂ ಇದೇ ವಿಧಾನವೇ?

ಇಲ್ಲ. ಮರ್ಸೆನ್ ಸಂಖ್ಯೆಗಳಿಗೆಂದೇ ಲೂಕಾ–ಲೆಹ್ಮರ್ ಪರೀಕ್ಷೆ ಇದೆ. ಎದ್ವಾರ್ ಲೂಕಾ 19ನೆಯ ಶತಮಾನದಲ್ಲಿ ಕಂಡುಕೊಂಡದ್ದನ್ನು ಡೆರಿಕ್ ಹೆನ್ರಿ ಲೆಹ್ಮರ್ 20ನೆಯ ಶತಮಾನದಲ್ಲಿ ಅಚ್ಚುಕಟ್ಟುಗೊಳಿಸಿದ. 4ರಿಂದ ಆರಂಭಿಸಿ, ಪ್ರತಿ ಹೆಜ್ಜೆಯಲ್ಲೂ ಕೈಯಲ್ಲಿರುವುದನ್ನು ವರ್ಗ ಮಾಡಿ 2 ಕಳೆಯಿರಿ, ಪರೀಕ್ಷೆಗೆ ಒಳಗಾದ ಸಂಖ್ಯೆಯಿಂದ ಭಾಗಿಸಿ ಶೇಷವನ್ನು ಮಾತ್ರ ಇಟ್ಟುಕೊಳ್ಳಿ. ಘಾತಾಂಕಕ್ಕೆ ಎರಡು ಕಡಿಮೆ ಹೆಜ್ಜೆಗಳಾದ ಮೇಲೆ ಶೇಷ ಸೊನ್ನೆಯಾದರೆ ಅವಿಭಾಜ್ಯ, ಇಲ್ಲವಾದರೆ ಅಲ್ಲ.

2⁵ − 1 = 31ಕ್ಕೆ ಮೂರು ಹೆಜ್ಜೆ: 4ರಿಂದ 14; 14ರಿಂದ 194, ಶೇಷ 8; 8ರಿಂದ 62, ಶೇಷ 0. ನಮ್ಮ ಸಂಖ್ಯೆಗೆ 29 ಹೆಜ್ಜೆ. ಕ್ಯಾಲ್ಕುಲೇಟರ್ ಹಿಡಿದು ಒಂದು ಮಧ್ಯಾಹ್ನ ಕುಳಿತರೆ ಯಾರು ಬೇಕಾದರೂ ಮಾಡಬಹುದು.

ಇದು ಎಂದಾದರೂ ಪ್ರಪಂಚದ ಅತಿ ದೊಡ್ಡ ಅವಿಭಾಜ್ಯ ಸಂಖ್ಯೆಯಾಗಿತ್ತೇ?

ಗೊತ್ತಿದ್ದವುಗಳಲ್ಲಿ ಅತಿ ದೊಡ್ಡದು ಎನ್ನಿ; ಅವಿಭಾಜ್ಯ ಸಂಖ್ಯೆಗಳಿಗೆ ಕೊನೆಯಿಲ್ಲ ಎಂದು ಯೂಕ್ಲಿಡ್ ಎಂದೋ ತೋರಿಸಿದ್ದಾನೆ. ಹೌದು, 1772ರಿಂದ 19ನೆಯ ಶತಮಾನದ ನಡುಭಾಗದವರೆಗೆ, ಮುಕ್ಕಾಲು ಶತಮಾನಕ್ಕೂ ಹೆಚ್ಚು ಕಾಲ ಆ ಪಟ್ಟ ಇದರದೇ ಆಗಿತ್ತು. 2024ರ ಅಕ್ಟೋಬರ್‌ನಲ್ಲಿ ಪ್ರಕಟವಾದ 2ರ 136279841ನೆಯ ಘಾತ ಕಳೆ 1 ಎಂಬ ಅವಿಭಾಜ್ಯಕ್ಕೆ 4,10,24,320 ಅಂಕಿಗಳಿವೆ. ಅದರ ಮುಂದೆ ನಮ್ಮ ಹತ್ತಂಕಿ ಲೆಕ್ಕಕ್ಕೇ ಇಲ್ಲ.

ಪರಿಪೂರ್ಣ ಸಂಖ್ಯೆಗೂ ಇದಕ್ಕೂ ಏನು ಸಂಬಂಧ?

ತನ್ನನ್ನು ಬಿಟ್ಟು ಉಳಿದ ಎಲ್ಲ ಭಾಜಕಗಳ ಮೊತ್ತಕ್ಕೆ ಸಮನಾದ ಸಂಖ್ಯೆ ಪರಿಪೂರ್ಣ ಸಂಖ್ಯೆ. 6 = 1 + 2 + 3. ಅನಂತರ 28, 496, 8128. ಪ್ರತಿ ಮರ್ಸೆನ್ ಅವಿಭಾಜ್ಯಕ್ಕೂ ಒಂದೊಂದು ಪರಿಪೂರ್ಣ ಸಂಖ್ಯೆ ಇರುತ್ತದೆ ಎಂದು ಯೂಕ್ಲಿಡ್ ತೋರಿಸಿದ. ಸಮ ಪರಿಪೂರ್ಣ ಸಂಖ್ಯೆಗಳೆಲ್ಲ ಹಾಗೆಯೇ ಹುಟ್ಟಿದವು, ಬೇರೆ ದಾರಿಯಿಲ್ಲ ಎಂದು ಎರಡು ಸಾವಿರ ವರ್ಷಗಳ ಬಳಿಕ ಆಯ್ಲರ್ ಸಾಧಿಸಿದ. ನಮ್ಮ ಸಂಖ್ಯೆಯನ್ನು 2³⁰ರಿಂದ ಗುಣಿಸಿದರೆ ಸಿಗುವುದು ಎಂಟನೆಯ ಪರಿಪೂರ್ಣ ಸಂಖ್ಯೆ:

2305843008139952128

ಇಂಗ್ಲೆಂಡಿನ ಪೀಟರ್ ಬಾರ್ಲೊ 1811ರಲ್ಲಿ ಇದರ ಬಗ್ಗೆ ಒಂದು ಭವಿಷ್ಯ ನುಡಿದ: ಇನ್ನು ಮುಂದೆ ಇದಕ್ಕಿಂತ ದೊಡ್ಡ ಪರಿಪೂರ್ಣ ಸಂಖ್ಯೆಯನ್ನು ಯಾರೂ ಕಂಡುಹಿಡಿಯಲಾರರು, ಏಕೆಂದರೆ ಇವು ಕುತೂಹಲಕ್ಕೆ ಸರಿ, ಉಪಯೋಗಕ್ಕಿಲ್ಲ, ಯಾರು ತಾನೇ ಅಷ್ಟು ಶ್ರಮಪಡುತ್ತಾರೆ ಎಂಬ ಧಾಟಿಯಲ್ಲಿ. 1883ರಲ್ಲಿ ರಷ್ಯಾದ ಪಾದ್ರಿ ಪೆರ್ವುಶಿನ್ 2⁶¹ − 1 ಅವಿಭಾಜ್ಯವೆಂದು ತೋರಿಸಿ ಮುಂದಿನದನ್ನು ತಂದೇಬಿಟ್ಟ. ಉಪಯೋಗವಿಲ್ಲದ್ದಕ್ಕೆ ಜನ ಎಷ್ಟು ಶ್ರಮಪಡಬಲ್ಲರು ಎಂಬುದನ್ನು ಬಾರ್ಲೊ ಅಂದಾಜಿಸಿರಲಿಲ್ಲ.

ಕಂಪ್ಯೂಟರ್‌ನಲ್ಲಿ ಈ ಸಂಖ್ಯೆ ಮತ್ತೆ ಮತ್ತೆ ಎದುರಾಗುವುದೇಕೆ?

ಪೂರ್ಣ ಸಂಖ್ಯೆಯೊಂದಕ್ಕೆ 32 ಬಿಟ್‌ಗಳ ಜಾಗ ಕೊಡುವುದು ಬಹಳ ಕಾಲದ ರೂಢಿ. ಒಂದು ಬಿಟ್ ಎಂದರೆ 0 ಅಥವಾ 1 ಬರೆಯುವ ಒಂದು ಸ್ಥಾನ. ಋಣ ಸಂಖ್ಯೆಗಳೂ ಬೇಕೆಂದರೆ ಒಂದು ಬಿಟ್ ಚಿಹ್ನೆಯ ಪಾಲಾಗುತ್ತದೆ. ಉಳಿದ 31 ಬಿಟ್‌ಗಳೆಲ್ಲವೂ 1 ಆದಾಗ ಬರುವ ಬೆಲೆಯೇ 2147483647. ಆ ಜಾಗದಲ್ಲಿ ಹಿಡಿಸುವ ಅತಿ ದೊಡ್ಡ ಧನ ಸಂಖ್ಯೆ. ಋಣದ ತುದಿ −2147483648.

ಇದಕ್ಕೆ 1 ಕೂಡಿಸಿದರೆ ಜಾವಾದಂಥ ಭಾಷೆಗಳಲ್ಲಿ ಫಲ ನೇರವಾಗಿ −2147483648ಕ್ಕೆ ಬೀಳುತ್ತದೆ. ವಾಹನದ ಮೀಟರ್ 99999 ದಾಟಿ ಮತ್ತೆ ಆರಂಭದ ಅಂಕಿಗೆ ಮರಳಿದ ಹಾಗೆ. ವರ್ಗ ಮಾಡುವವರೂ ಎಚ್ಚರದಿಂದಿರಬೇಕು. 46340ರ ವರ್ಗ 2147395600, ಹಿಡಿಸುತ್ತದೆ. 46341ರ ವರ್ಗ 2147488281, ಹಿಡಿಸುವುದಿಲ್ಲ. ಪರದೆಯ ಮೇಲೆ −2147479015 ಮೂಡುತ್ತದೆ. ವರ್ಗಸಂಖ್ಯೆಯೊಂದು ಋಣವಾಗಿ ಕಂಡರೆ ಮೊದಲು ಅನುಮಾನಿಸಬೇಕಾದದ್ದು ಇದನ್ನೇ. (46341ರ ವರ್ಗ ನಮ್ಮ ಸಂಖ್ಯೆಯನ್ನು ಮೀರುವುದು ಸರಿಯಾಗಿ 4634ರಷ್ಟು. ಬರೀ ಕಾಕತಾಳೀಯ, ಆದರೆ ನೆನಪಿಟ್ಟುಕೊಳ್ಳಲು ಅನುಕೂಲ.)

ದತ್ತಾಂಶದ ಕೋಷ್ಟಕದಲ್ಲಿ ಎಲ್ಲರ ಮೊಬೈಲ್ ಸಂಖ್ಯೆಯೂ 2147483647 ಎಂದೇ ಕಾಣುತ್ತಿದೆ. ಏಕೆ?

ಆ ಕಾಲಂ 32 ಬಿಟ್‌ನ ಪೂರ್ಣ ಸಂಖ್ಯೆಯದು. ಮೈಎಸ್‌ಕ್ಯೂಎಲ್ ಎಂಬ ದತ್ತಾಂಶ ತಂತ್ರಾಂಶ ತನ್ನ ಸಡಿಲ ವಿಧಾನದಲ್ಲಿ ಮಿತಿ ಮೀರಿದ ಬೆಲೆಯನ್ನು ತಿರಸ್ಕರಿಸದೆ ಮಿತಿಗೇ ಇಳಿಸಿ ಉಳಿಸುತ್ತದೆ. 9ರಿಂದ ಆರಂಭವಾಗುವ ಹತ್ತಂಕಿಯ ಸಂಖ್ಯೆ ಯಾವುದೇ ಇರಲಿ, ಮಿತಿ ಮೀರಿಯೇ ಇರುತ್ತದೆ. ಕಳೆದ ಸಂಖ್ಯೆಗಳು ವಾಪಸು ಬರುವುದಿಲ್ಲ. ಕಾಲಂ ಅನ್ನು ಅಕ್ಷರಗಳ ಬಗೆಗೆ ಬದಲಿಸಿ ಮತ್ತೆ ತುಂಬಬೇಕು. ಫೋನ್ ಸಂಖ್ಯೆಯನ್ನು ಯಾರೂ ಕೂಡುವುದಿಲ್ಲ, ಗುಣಿಸುವುದಿಲ್ಲ. ಅದನ್ನು ಸಂಖ್ಯೆಯಾಗಿ ಉಳಿಸುವ ಅಗತ್ಯವೇ ಇರಲಿಲ್ಲ.

2038ರ ಸಮಸ್ಯೆ ಎಂದರೆ ಇದೇ ಏನು?

ಇದೇ. ಯುನಿಕ್ಸ್ ಮಾದರಿಯ ಕಾರ್ಯಾಚರಣಾ ವ್ಯವಸ್ಥೆಗಳು ಕಾಲವನ್ನು 1970ರ ಜನವರಿ 1ರ ಆರಂಭದಿಂದ ಸೆಕೆಂಡುಗಳಲ್ಲಿ ಎಣಿಸುತ್ತವೆ. ಲೆಕ್ಕ ಮಾಡಿ ನೋಡಿ: ದಿನಕ್ಕೆ 86,400 ಸೆಕೆಂಡು. 2147483647ನ್ನು ಅದರಿಂದ ಭಾಗಿಸಿದರೆ 24,855 ದಿನ, ಉಳಿದದ್ದು 11,647 ಸೆಕೆಂಡು. ಅಂದರೆ 3 ಗಂಟೆ 14 ನಿಮಿಷ 7 ಸೆಕೆಂಡು. 68 ವರ್ಷಗಳಿಗೆ ಹದಿನೇಳು ಅಧಿಕ ದಿನಗಳೂ ಸೇರಿ 24,837 ದಿನ; ಇನ್ನು 18 ದಿನ ಉಳಿಯುತ್ತದೆ. ಹೀಗೆ 2038ರ ಜನವರಿ 19ರಂದು, ಅಂತರರಾಷ್ಟ್ರೀಯ ಪ್ರಮಾಣ ಕಾಲ 03:14:07ಕ್ಕೆ 32 ಬಿಟ್‌ನ ಎಣಿಕೆ ತುಂಬಿಬಿಡುತ್ತದೆ. 64 ಬಿಟ್‌ಗೆ ಬದಲಾದ ವ್ಯವಸ್ಥೆಗಳಿಗೆ ಈ ತೊಂದರೆ ಇಲ್ಲ.

ಕಂಪ್ಯೂಟರ್‌ನ ಮಿತಿ ಅವಿಭಾಜ್ಯ ಸಂಖ್ಯೆಯೇ ಆಗಿರುವುದಕ್ಕೆ ಏನಾದರೂ ಕಾರಣವಿದೆಯೇ?

ಯಾವ ಕಾರಣವೂ ಇಲ್ಲ. 8 ಬಿಟ್‌ನ ಮಿತಿ 127, ಅವಿಭಾಜ್ಯ. 16 ಬಿಟ್‌ನದು 32767. ಅದು 7 × 31 × 151. 32 ಬಿಟ್‌ನದು ನಮ್ಮ ಸಂಖ್ಯೆ. 64 ಬಿಟ್‌ನದು 9223372036854775807. ಘಾತಾಂಕ 63ನ್ನು 3 ಭಾಗಿಸುವುದರಿಂದ ಇದನ್ನು 7 ಭಾಗಿಸುತ್ತದೆ, ಕೈಯಲ್ಲಿ ಲೆಕ್ಕ ಮಾಡದೆಯೇ ಹೇಳಬಹುದು. ಬಿಟ್‌ಗಳ ಸಂಖ್ಯೆಯನ್ನು ಆರಿಸಿದವರು ಯಂತ್ರದ ಅನುಕೂಲ ನೋಡಿದರೇ ಹೊರತು ಆಯ್ಲರ್‌ನನ್ನು ನೆನೆಯಲಿಲ್ಲ.

ಚಿಹ್ನೆಯಿಲ್ಲದ 32 ಬಿಟ್‌ನ ಮಿತಿ ಇನ್ನೊಂದು ಬಗೆಯಲ್ಲಿ ಚೆಂದ: 4294967295 = 3 × 5 × 17 × 257 × 65537. ಗೊತ್ತಿರುವ ಐದು ಫರ್ಮಾ ಅವಿಭಾಜ್ಯಗಳೂ (2ರ ಘಾತಕ್ಕೆ 1 ಕೂಡಿಸಿದಾಗ ಬರುವ ಬೆಸ ಅವಿಭಾಜ್ಯಗಳು) ಇಲ್ಲಿ ಒಂದೇ ಸಾಲಿನಲ್ಲಿವೆ.

ಅವಿಭಾಜ್ಯವಾಗಿದ್ದರಿಂದ ಏನಾದರೂ ಪ್ರಯೋಜನವಾಯಿತೇ?

ಆಯಿತು, ಮತ್ತು ಇದು ನನಗೆ ಬಹಳ ಇಷ್ಟವಾದ ಭಾಗ. ಕಂಪ್ಯೂಟರ್‌ಗಳಲ್ಲಿ ಯಾದೃಚ್ಛಿಕದಂತೆ ಕಾಣುವ ಸಂಖ್ಯೆಗಳನ್ನು ಹುಟ್ಟಿಸುವ ಸರಳ ವಿಧಾನವೊಂದಿದೆ: ಕೈಯಲ್ಲಿರುವ ಸಂಖ್ಯೆಯನ್ನು 16807ರಿಂದ ಗುಣಿಸಿ, 2147483647ರಿಂದ ಭಾಗಿಸಿ, ಶೇಷವನ್ನು ಇಟ್ಟುಕೊಳ್ಳಿ. 1ರಿಂದ ಹೊರಟರೆ 16807, ಅನಂತರ 282475249, ಅನಂತರ 1622650073. ಪಾರ್ಕ್ ಮತ್ತು ಮಿಲ್ಲರ್ 1988ರಲ್ಲಿ ಇದನ್ನು ಕನಿಷ್ಠ ಮಾನದಂಡವಾಗಿ ಎಲ್ಲರೂ ಬಳಸಲಿ ಎಂದು ಸೂಚಿಸಿದರು. ಸಿ++ ಭಾಷೆಯ ಪ್ರಮಾಣಿತ ಗ್ರಂಥಾಲಯದಲ್ಲಿ ಇದು ಈಗಲೂ ಇದೆ. ಸರಿಯಾಗಿ ಬರೆದಿದ್ದೀರೋ ಇಲ್ಲವೋ ಎಂದು ಪರೀಕ್ಷಿಸಲು ಅವರೇ ಒಂದು ಗುರುತು ಕೊಟ್ಟಿದ್ದಾರೆ: 1ರಿಂದ ಆರಂಭಿಸಿ ಹತ್ತು ಸಾವಿರ ಸಲ ನಡೆದರೆ 1043618065 ಬರಬೇಕು.

ಈ ಸರಣಿ 1ರಿಂದ 2147483646ರವರೆಗಿನ ಪ್ರತಿಯೊಂದು ಸಂಖ್ಯೆಯನ್ನೂ ಒಂದೊಂದು ಸಲ ಮುಟ್ಟಿದ ಮೇಲೆಯೇ ಮತ್ತೆ 1ಕ್ಕೆ ಬರುತ್ತದೆ. ಭಾಜಕ ಅವಿಭಾಜ್ಯವಾಗಿರದಿದ್ದರೆ ಇದು ಸಾಧ್ಯವೇ ಇರಲಿಲ್ಲ. ಹಾಗೆ ಪೂರ್ತಿ ಸುತ್ತು ಹಾಕಿಸುವ ಗುಣಕಗಳು ಒಟ್ಟು 53,46,00,000 ಇವೆ. ಅವುಗಳಲ್ಲಿ ಅತಿ ಚಿಕ್ಕದು 7. 16807 ಎಂಬುದು 7ರ ಐದನೆಯ ಘಾತ.

ಭಾಗಾಕಾರವೂ ಇಲ್ಲಿ ಅಗ್ಗ. ಹತ್ತರ ಪದ್ಧತಿಯಲ್ಲಿ 9ರ ಶೇಷ ತಿಳಿಯಲು ಅಂಕಿಗಳನ್ನು ಕೂಡಿಸುತ್ತೇವಲ್ಲ, ಅದೇ ಉಪಾಯ. ಉದಾಹರಣೆಗೆ ಮೂರನೆಯ ಹೆಜ್ಜೆಯ ಗುಣಲಬ್ಧ 4747561509943. ಇದರಲ್ಲಿ 2³¹ ಎಂಬುದು 2210 ಸಲ ಇದೆ, ಉಳಿದದ್ದು 1622647863. ದ್ವಿಮಾನದಲ್ಲಿ ಇದಕ್ಕೆ ಭಾಗಿಸುವುದೇ ಬೇಡ, 31ನೆಯ ಬಿಟ್‌ನ ಬಳಿ ಕತ್ತರಿಸಿದರೆ ಎರಡೂ ತುಂಡುಗಳು ಸಿಗುತ್ತವೆ. ಎರಡನ್ನೂ ಕೂಡಿಸಿ: 1622647863 + 2210 = 1622650073. ಮೇಲೆ ಕೊಟ್ಟ ಸಂಖ್ಯೆಯೇ ಬಂತು.

ಗುಪ್ತಪದ, ಒಟಿಪಿ ಮುಂತಾದವಕ್ಕೆ ಮಾತ್ರ ಇದನ್ನು ಬಳಸಲೇಬಾರದು. ಒಂದು ಸಂಖ್ಯೆ ತಿಳಿದವರಿಗೆ ಮುಂದಿನವೆಲ್ಲ ತಿಳಿದಂತೆಯೇ.

ಅಕ್ಕಪಕ್ಕದ ಸಂಖ್ಯೆಗಳು ಹೇಗಿವೆ?

ಹಿಂದಿನದು ಚೂರುಚೂರಾಗುತ್ತದೆ: 2147483646 = 2 × 3² × 7 × 11 × 31 × 151 × 331. ಮುಂದಿನದರಲ್ಲಿ 2 ಬಿಟ್ಟು ಬೇರೇನೂ ಇಲ್ಲ. ಅದರಾಚೆಯದು 2147483649 = 3 × 715827883, ಈ ಎರಡನೆಯದು ಕೂಡ ಅವಿಭಾಜ್ಯ. ಎರಡು ಹಿಂದಿನದು 5ರಲ್ಲಿ ಕೊನೆಯಾಗುವುದರಿಂದ ಅವಳಿ ಅವಿಭಾಜ್ಯದ (2ರಷ್ಟೇ ಅಂತರವಿರುವ ಜೋಡಿಯ) ಭಾಗ್ಯ ನಮ್ಮ ಸಂಖ್ಯೆಗಿಲ್ಲ.

ಇದನ್ನು ಎರಡು ವರ್ಗಗಳ ಮೊತ್ತವಾಗಿ ಬರೆಯಬಹುದೇ?

ಬರುವುದಿಲ್ಲ. 4ರಿಂದ ಭಾಗಿಸಿದಾಗ 3 ಉಳಿಯುವ ಯಾವ ಸಂಖ್ಯೆಯೂ ಎರಡು ವರ್ಗಗಳ ಮೊತ್ತವಲ್ಲ. ಮೂರು ವರ್ಗಗಳೂ ಸಾಲವು, ಏಕೆಂದರೆ 8ರಿಂದ ಭಾಗಿಸಿದಾಗ 7 ಉಳಿಯುತ್ತದೆ. ಅಂಥವಕ್ಕೆ ನಾಲ್ಕೇ ಬೇಕು. ನಾಲ್ಕು ವರ್ಗಗಳಲ್ಲಿ ಯಾವ ಪೂರ್ಣ ಸಂಖ್ಯೆಯನ್ನಾದರೂ ಬರೆಯಬಹುದೆಂಬುದು ಲಗ್ರಾಂಜ್‌ನ ಪ್ರಮೇಯ. ಇದಕ್ಕೆ ಒಂದು ಸೊಗಸಾದ ರೂಪ ಸಿಗುತ್ತದೆ:

2147483647 = 46162² + 2349² + 2349² + 2349²

46162ರ ವರ್ಗ 2130930244. 2349ರ ವರ್ಗ 5517801, ಅದರ ಮೂರರಷ್ಟು 16553403. ಕೂಡಿಸಿ ನೋಡಿ. ಕೊನೆಯ ಮೂರು ವರ್ಗಗಳು ಒಂದೇ ಆಗಿರುವುದಕ್ಕೆ ಕಾರಣವಿದೆ: 3ರಿಂದ ಭಾಗಿಸಿದಾಗ 1 ಉಳಿಯುವ ಪ್ರತಿ ಅವಿಭಾಜ್ಯವನ್ನೂ ಒಂದು ವರ್ಗ ಮತ್ತು ಇನ್ನೊಂದು ವರ್ಗದ ಮೂರರಷ್ಟು ಎಂದು ಬರೆಯಬಹುದು.

ಇದನ್ನೇ ಘಾತಾಂಕವಾಗಿಟ್ಟು ಇನ್ನೂ ದೊಡ್ಡ ಮರ್ಸೆನ್ ಅವಿಭಾಜ್ಯ ಪಡೆಯಬಹುದೇ?

ಆಸೆ ಸಹಜವಾದದ್ದೇ. 31 ಕೂಡ 2⁵ − 1, ಅಂದರೆ ನಮ್ಮ ಸಂಖ್ಯೆ ಮರ್ಸೆನ್ ಅವಿಭಾಜ್ಯವನ್ನೇ ಘಾತಾಂಕವಾಗಿ ಉಳ್ಳ ಮರ್ಸೆನ್ ಅವಿಭಾಜ್ಯ. ಹೀಗೆ ಎರಡು ಮೆಟ್ಟಿಲಿನ ಅವಿಭಾಜ್ಯಗಳು ಗೊತ್ತಿರುವುದು ನಾಲ್ಕೇ: 7, 127, 2147483647 ಮತ್ತು 2¹²⁷ − 1.

ಇನ್ನೊಂದು ಮೆಟ್ಟಿಲು ಏರಿ 2ರ 2147483647ನೆಯ ಘಾತದಿಂದ 1 ಕಳೆದರೆ 64 ಕೋಟಿಗೂ ಹೆಚ್ಚು ಅಂಕಿಗಳ ಸಂಖ್ಯೆ ಬರುತ್ತದೆ. ಅದು ಅವಿಭಾಜ್ಯವಲ್ಲ, 295257526626031 ಅದನ್ನು ಭಾಗಿಸುತ್ತದೆ ಎಂದು 1983ರಲ್ಲಿ ಗೊತ್ತಾಯಿತು. ಆಯ್ಲರ್‌ನ ಜರಡಿ ಇಲ್ಲಿಯೂ ಕೆಲಸ ಮಾಡಿದೆ: ಭಾಜಕದಿಂದ 1 ಕಳೆದರೆ ಘಾತಾಂಕದ ಎರಡರಷ್ಟರ ಅಪವರ್ತ್ಯ ಆಗಿರಬೇಕು. ಆಗಿದೆ: 295257526626030 = 2 × 2147483647 × 68745.

ಇದರ ಮುಂದಿನ ಅವಿಭಾಜ್ಯ ಯಾವುದು?

2147483659. ಹಿಂದಿನದು 2147483629. ಈ ಪ್ರದೇಶದಲ್ಲಿ ಅವಿಭಾಜ್ಯಗಳ ನಡುವಿನ ಸರಾಸರಿ ಅಂತರ ಸುಮಾರು 21. ಒಂದು ಬದಿಗೆ 12, ಇನ್ನೊಂದು ಬದಿಗೆ 18 ಎಂದರೆ ನಮ್ಮ ಸಂಖ್ಯೆಯ ನೆರೆಹೊರೆ ತುಸು ಒತ್ತೊತ್ತಾಗಿಯೇ ಇದೆ.